ತಲಪಾಡಿವರೆಗೆ

ಕುಂಬಳೆ ಬಸ್‌ಸ್ಟ್ಯಾಂಡಿನೆದುರು ನಮ್ಮ ಫಾಸ್ಟ್ ಫುಡ್.
ಬೋರ್ಡಿನಲ್ಲಿ ಮೂರು ಭಾಷೆ, ಒಳಗೆ ಐದು,
ಎಣ್ಣೆಗೆ ಬಿದ್ದ ಕೋಳಿಗೆ ಒಂದೇ.

ಬೆಳಗ್ಗೆ ಹತ್ತಕ್ಕೆ ಬಳೆ ಕಳಚಿ ಮೊಳೆಗೆ ತೂಗುಹಾಕುತ್ತೇನೆ.
ಉಂಗುರ ಸುಲಭಕ್ಕೆ ಬರುವುದಿಲ್ಲ, ಹದಿನಾರು ವರ್ಷದ್ದು.
ಸೋಪು ಹಚ್ಚಿ ತಿರುಗಿಸಬೇಕು,
ಬಂದ ಮೇಲೆ ಅದರಡಿಯ ಬಿಳಿ ಚರ್ಮವನ್ನೂ ತೊಳೆಯಬೇಕು,
ಬಿಸಿಲು ಕಾಣದ, ಒಂದು ಗೆರೆಯಷ್ಟಗಲದ ನನ್ನ ಮದುವೆಯನ್ನು.

ಇಪ್ಪತ್ತು ಸೆಕೆಂಡು, ಅಂದಿದ್ದರು ತರಬೇತಿಯ ಮೇಡಂ.
ಸೆಕೆಂಡನ್ನು ಯಾರು ಕಂಡಿದ್ದಾರೆ?
ನಾನು ಬಸ್ಸು ಬಿಡುತ್ತೇನೆ:
ಆರಿಕ್ಕಾಡಿ, ಶಿರಿಯ, ಬಂದ್ಯೋಡು. ಅಂಗೈ.
ಕೈಕಂಬ, ಉಪ್ಪಳ. ಬೆರಳ ಸಂದು.
ಹೊಸಂಗಡಿ, ಮಂಜೇಶ್ವರ. ಉಗುರು.
ಕುಂಜತ್ತೂರಿನಲ್ಲಿ ಮಣಿಕಟ್ಟು.
ತಲಪಾಡಿ ಬಂದ ಮೇಲಷ್ಟೇ ನಲ್ಲಿ ನಿಲ್ಲುವುದು.

ಪಾತ್ರೆ ತೊಳೆಯುವ ರೊಫಿಕುಲನಿಗೆ ಈ ಊರುಗಳು ಬಾಯಿಗೆ ಬರುವುದಿಲ್ಲ.
ಅವನು ತನ್ನ ರೈಲು ಬಿಡುತ್ತಾನೆ, ಬರಪೇಟಾದಿಂದ,
ಬಂಗಾಯಿಗಾಂವ್, ಕೊಕ್ರಝಾರ್,
ಮುಂದಿನದು ನನಗೆ ಕೇಳಿಸುವುದಿಲ್ಲ, ನೀರಿನ ಸದ್ದು.
ಅವನ ಊರು ದೂರ,
ಅವನ ಕೈ ನನ್ನದಕ್ಕಿಂತ ಚೊಕ್ಕ.

ಕೆಂಪು ಹಲಗೆ ಹಸಿ ಮಾಂಸಕ್ಕೆ, ಹಸಿರು ಸೌತೆಗೆ.
ಮಯೋನೈಸ್ ಡಬ್ಬಿಯ ಮೇಲೆ ನನ್ನ ಅಕ್ಷರ: ಹನ್ನೆರಡೂ ಕಾಲು.
ಎರಡೂ ಕಾಲಿಗೆ ಅದು ಮುಗಿದ ಕಥೆ,
ಅರ್ಧ ಉಳಿದಿದ್ದರೂ.

ಅಡುಗೆಯ ಅಂದುಂಞಿಕ್ಕನಿಗೆ ಇದೆಲ್ಲ ಮಕ್ಕಳಾಟ.
"ನನ್ನ ಮೂಗು ಉಂಟಲ್ಲ ಮಾರಾಯ್ತಿ,
ಇದಕ್ಕಿಂತ ದೊಡ್ಡ ಮೀಟರ್ ಯಾವುದು?"
ಆ ಮೂಗು ಸುಳ್ಳಲ್ಲ.
ಜೀರಿಗೆ ಒಂದು ಉಸಿರಿನಷ್ಟು ಹೆಚ್ಚು ಹುರಿದರೆ
ರಸ್ತೆಯಾಚೆಯ ಚಹಾದಂಗಡಿಯಿಂದಲೇ ಬೈಗುಳ.
ಆದರೆ ಎಲ್ಲ ಕೇಡಿಗೂ ವಾಸನೆ ಇರುವುದಿಲ್ಲವಲ್ಲ.

ಏಪ್ರಿಲಿನ ಆ ಭಾನುವಾರ ಕರೆಂಟು ಹೋಯಿತು.
ಜನರೇಟರು ಎರಡು ಸಲ ಕೆಮ್ಮಿ ಕೂತುಬಿಟ್ಟಿತು.
ಐದು ಗಂಟೆ ಕಳೆದು
ಫ್ರಿಜ್ಜಿನ ಪುಟ್ಟ ಕಿಟಕಿಯಲ್ಲಿ ಹದಿನಾಲ್ಕು.
ಪುಸ್ತಕದಲ್ಲಿ ತಿಂಗಳುದ್ದಕ್ಕೂ ನಾಲ್ಕು, ನಾಲ್ಕು, ನಾಲ್ಕು,
ಸಕ್ಕರೆಗೆ ಹೊರಟ ಇರುವೆಗಳ ಹಾಗೆ.
ಎಷ್ಟು ನಿಜದ ನಾಲ್ಕೋ, ಎಷ್ಟು ನೋಡದೆ ಬರೆದದ್ದೋ,
ಅದರಲ್ಲಿ ನನ್ನ ಕೈಯದೂ ಉಂಟು.
ಅವತ್ತು ನಾಲ್ಕರ ಎಡಕ್ಕೆ ಒಂದು ಗೀಟು ನಿಲ್ಲಿಸಿದೆ.
ಅಷ್ಟೇ ಮಾಡಿದ್ದು.

ಹನ್ನೆರಡು ಕಿಲೋ ಕೋಳಿ, ಮಸಾಲೆ ಹಚ್ಚಿಟ್ಟದ್ದು.
ಅಂದುಂಞಿಕ್ಕ ಮೂಸಿ ನೋಡಿದರು. "ಏನೂ ಆಗಲಿಲ್ಲ."
ಹೊರಗೆ, ಮೊಗ್ರಾಲಿನಲ್ಲಿ ಫುಟ್ಬಾಲ್ ಆಡಿ ಬಂದ ಹುಡುಗರು
ಮಣ್ಣು ಮೆತ್ತಿದ ಕಾಲಲ್ಲಿ ನಿಂತು ಚಿಲ್ಲರೆ ಎಣಿಸುತ್ತಿದ್ದರು.
ಧಣಿ ವಾಮನ ಗಟ್ಟಿಯವರು ಪುಸ್ತಕ ನೋಡಿದರು,
ಹುಡುಗರನ್ನು ನೋಡಿದರು,
ನನ್ನನ್ನು ನೋಡಲಿಲ್ಲ.
ಆಮೇಲೆ ತಾವೇ ಹೋಗಿ ಫಿನಾಯಿಲ್ ತಂದು
ಬಕೆಟಿಗೆ ಸುರಿದರು,
ಬೀದಿನಾಯಿ ಕೂಡ ಬಾಯಿ ಹಾಕದ ಹಾಗೆ.
"ಇವತ್ತು ಪರೋಟ ಮಾತ್ರ ಮಕ್ಕಳೇ."
ಆ ತಿಂಗಳ ಸಂಬಳ ಆರು ದಿನ ತಡವಾಯಿತು.
ಅದನ್ನೂ ಬರೆದಿಡಬೇಕು.

ಅಂದುಂಞಿಕ್ಕ ಒಂದು ವಾರ ನನ್ನಲ್ಲಿ ಮಾತು ಬಿಟ್ಟರು.
ಉಪ್ಪು ಬೇಕಾದರೂ ರೊಫಿಕುಲನ ಮೂಲಕ,
ಅವನಿಗೋ ಉಪ್ಪಿನ ಕನ್ನಡ ಗೊತ್ತಿಲ್ಲ,
ಸಕ್ಕರೆ ಕೊಂಡುಹೋಗಿ ಅವನೂ ಬೈಸಿಕೊಂಡ.

ನಿನ್ನೆ, ಹಸಿ ಕೋಳಿ ಕೊಯ್ದು ನಲ್ಲಿಗೆ ಬಂದ
ಅಂದುಂಞಿಕ್ಕನ ತುಟಿ ಅಲ್ಲಾಡುತ್ತಿತ್ತು.
ಕಿವಿಗೊಟ್ಟೆ:
ಆರಿಕ್ಕಾಡಿ... ಶಿರಿಯ... ಬಂದ್ಯೋಡು...
ಕೈಕಂಬ... ಉಪ್ಪಳ.
ನಲ್ಲಿ ನಿಂತಿತು.
ಅವರ ಮನೆ ಅಲ್ಲಿಯೇ, ಮೀನು ಮಾರ್ಕೆಟಿನ ಹಿಂದೆ,
ದಿನಾ ರಾತ್ರಿ ಇಳಿಯುವ ಜಾಗ.

"ಇಕ್ಕ, ಟಿಕೇಟು ತಲಪಾಡಿಗೆ" ಎಂದೆ.

ತಿರುಗಿ ನೋಡಲಿಲ್ಲ.
ಮೊಣಕೈಯಿಂದ ನಲ್ಲಿ ತಳ್ಳಿ
ಮತ್ತೆ ಬಸ್ಸು ಹತ್ತಿದರು.